ಕ್ರಿಯಾವರ್ಧಕ ಯಾವುದು, ಮಧ್ಯವರ್ತಿ ಯಾವುದು?

ತೆರೆಯ ಮೇಲೆ ಸಮೀಕರಣಗಳು ಬೇಗ ಸರಿದುಹೋಗುತ್ತವೆ. ಒಂದನ್ನು ಬರೆದುಕೊಳ್ಳುವಷ್ಟರಲ್ಲಿ ಮುಂದಿನದು ಬಂದಿರುತ್ತದೆ. ಇಲ್ಲಿ ಅವಸರವಿಲ್ಲ; ಪೆನ್ಸಿಲ್ ಹಿಡಿದು ಕುಳಿತುಕೊಳ್ಳಿ.

ಹೈಡ್ರೊಜನ್ ಪೆರಾಕ್ಸೈಡ್ ದ್ರಾವಣವನ್ನು ನೀವು ಪ್ರಯೋಗಾಲಯದಲ್ಲಿ ನೋಡಿರುತ್ತೀರಿ. ಅದು ತಾನಾಗಿಯೇ ನೀರು ಮತ್ತು ಆಕ್ಸಿಜನ್ ಆಗಿ ಒಡೆಯುತ್ತದೆ. ಆದರೆ ಬಹು ನಿಧಾನವಾಗಿ. ಸೀಸೆಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಅದಕ್ಕೆ ಒಂದು ಚಿಟಿಕೆ ಪೊಟ್ಯಾಸಿಯಂ ಅಯೊಡೈಡ್ ಹಾಕಿದರೆ ಬುಸಬುಸನೆ ಗುಳ್ಳೆಗಳೇಳುತ್ತವೆ. ಒಳಗೆ ನಡೆಯುವುದು ಎರಡು ಹಂತಗಳಲ್ಲಿ:

ಹೈಡ್ರೊಜನ್ ಪೆರಾಕ್ಸೈಡ್ + ಅಯೊಡೈಡ್ → ನೀರು + ಹೈಪೊಅಯೊಡೈಟ್

ಹೈಡ್ರೊಜನ್ ಪೆರಾಕ್ಸೈಡ್ + ಹೈಪೊಅಯೊಡೈಟ್ → ನೀರು + ಆಕ್ಸಿಜನ್ + ಅಯೊಡೈಡ್

ಎರಡನ್ನೂ ಕೂಡಿಸಿ, ಎಡಬಲಗಳಲ್ಲಿ ಸಮಾನವಾಗಿರುವುದನ್ನು ಹೊಡೆದುಹಾಕಿ. ಅಯೊಡೈಡೂ ಹೋಯಿತು, ಹೈಪೊಅಯೊಡೈಟೂ ಹೋಯಿತು. ಉತ್ತರಪತ್ರಿಕೆಗಳಲ್ಲಿ ತಪ್ಪು ಹುಟ್ಟುವುದು ಇಲ್ಲಿಯೇ. ಅಂತಿಮ ಸಮೀಕರಣದಲ್ಲಿ ಎರಡೂ ಇಲ್ಲವಾದ್ದರಿಂದ ಎರಡಕ್ಕೂ ಒಂದೇ ಹೆಸರು ಕೊಟ್ಟುಬಿಡುತ್ತಾರೆ.

ಆದರೆ ಅಯೊಡೈಡನ್ನು ಹಾಕಿದವರು ನೀವು. ಅದು ಮೊದಲ ಹಂತದಲ್ಲಿ ಖರ್ಚಾಗಿ ಎರಡನೆಯದರಲ್ಲಿ ಮರಳಿ ಬಂತು. ಅದು ಕ್ರಿಯಾವರ್ಧಕ. ಹೈಪೊಅಯೊಡೈಟನ್ನು ಯಾರೂ ಹಾಕಲಿಲ್ಲ. ಮೊದಲ ಹಂತದಲ್ಲಿ ಹುಟ್ಟಿ ಎರಡನೆಯದರಲ್ಲಿ ಮುಗಿದುಹೋಯಿತು. ಅದು ಮಧ್ಯವರ್ತಿ. ಹಂತಗಳನ್ನು ಕ್ರಮವಾಗಿ ಬರೆದಾಗ ಮೊದಲು ಬಾಣದ ಎಡಗಡೆ ಕಾಣಿಸಿ ಆಮೇಲೆ ಬಲಗಡೆ ಬರುವುದು ಕ್ರಿಯಾವರ್ಧಕ, ಮೊದಲು ಬಲಗಡೆ ಕಾಣಿಸುವುದು ಮಧ್ಯವರ್ತಿ ಎಂಬ ಸೂತ್ರ ಇದರಿಂದಲೇ ಬಂದದ್ದು. ಇನ್ನೊಂದು ಮಾತು: 'ಕ್ರಿಯಾವರ್ಧಕವು ಕ್ರಿಯೆಯಲ್ಲಿ ಭಾಗವಹಿಸುವುದಿಲ್ಲ' ಎಂದು ಬಾಯಿಪಾಠ ಮಾಡಿದ್ದರೆ ದಯವಿಟ್ಟು ಮರೆತುಬಿಡಿ. ಭಾಗವಹಿಸುತ್ತದೆ, ಆದರೆ ಕೊನೆಗೆ ಉಳಿದುಕೊಳ್ಳುತ್ತದೆ.

ಈಗ ಪರೀಕ್ಷಾನಳಿಕೆಯನ್ನು ಬಿಟ್ಟು ಇಪ್ಪತ್ತು, ಮೂವತ್ತು ಕಿಲೋಮೀಟರ್ ಮೇಲಕ್ಕೆ ಹೋಗೋಣ. ಸೂರ್ಯನ ನೇರಳಾತೀತ ಕಿರಣಗಳನ್ನು ತಡೆಯುವ ಓಜೋನ್ ಇರುವುದು ಅಲ್ಲಿ. ಹಳೆಯ ರೆಫ್ರಿಜರೇಟರುಗಳಲ್ಲಿ ಬಳಸುತ್ತಿದ್ದ ಕ್ಲೋರೋಫ್ಲೋರೋಕಾರ್ಬನ್ ಅನಿಲಗಳು ಅಲ್ಲಿಗೆ ತಲುಪಿ, ಆ ಕಿರಣಗಳಿಂದ ಒಡೆದು ಕ್ಲೋರಿನ್ ಪರಮಾಣುಗಳನ್ನು ಬಿಡುತ್ತವೆ ಎಂದು 1974ರಲ್ಲಿ ಮಾರಿಯೊ ಮೊಲಿನಾ ಮತ್ತು ಶೆರ್‌ವುಡ್ ರೋಲೆಂಡ್ ತೋರಿಸಿಕೊಟ್ಟರು. ಮುಂದಿನದು ಹೀಗೆ:

ಕ್ಲೋರಿನ್ + ಓಜೋನ್ → ಕ್ಲೋರಿನ್ ಮೊನಾಕ್ಸೈಡ್ + ಆಕ್ಸಿಜನ್ ಅಣು

ಕ್ಲೋರಿನ್ ಮೊನಾಕ್ಸೈಡ್ + ಆಕ್ಸಿಜನ್ ಪರಮಾಣು → ಕ್ಲೋರಿನ್ + ಆಕ್ಸಿಜನ್ ಅಣು

ಕ್ಲೋರಿನ್ ಮರಳಿ ಬಂತು, ಮತ್ತೊಂದು ಓಜೋನ್ ಅಣುವಿನ ಮೇಲೆ ಬಿತ್ತು. ಒಂದೇ ಪರಮಾಣು ಹೀಗೆ ಸುಮಾರು ಒಂದು ಲಕ್ಷ ಓಜೋನ್ ಅಣುಗಳನ್ನು ನಾಶಮಾಡಬಲ್ಲದು.

ಇಲ್ಲಿ ಒಂದು ತೊಡಕಿದೆ. ಇದು ಗಾಣದ ಹಾಗೆ ಸುತ್ತುವ ಕ್ರಿಯೆ. ಎರಡನೆಯ ಸಾಲನ್ನು ಮೊದಲು ಬರೆದು ನೋಡಿ: ಕ್ಲೋರಿನ್ ಮೊನಾಕ್ಸೈಡ್ ಎಡಗಡೆ ಮೊದಲು ಕಾಣಿಸಿ, ನಮ್ಮ ಸೂತ್ರ ಅದನ್ನೇ ಕ್ರಿಯಾವರ್ಧಕವೆಂದು ಹೇಳಿಬಿಡುತ್ತದೆ! ಆದ್ದರಿಂದ ಸಾಲುಗಳ ಕ್ರಮವನ್ನಷ್ಟೇ ನಂಬಬೇಡಿ. ಹೊರಗಿನಿಂದ ಒಳಗೆ ಬಂದದ್ದು ಯಾವುದು, ಒಳಗೇ ಹುಟ್ಟಿದ್ದು ಯಾವುದು ಎಂದು ಕೇಳಿಕೊಳ್ಳಿ. ಓಜೋನ್ ಪದರಕ್ಕೆ ಹೊರಗಿನಿಂದ ಸೇರಿದ್ದು ಕ್ಲೋರಿನ್. ಮೊನಾಕ್ಸೈಡ್ ಹುಟ್ಟಿದ್ದು ಅದು ಓಜೋನನ್ನು ಮುಟ್ಟಿದ ಮೇಲೆ.

ಅಂದಮೇಲೆ ಈ ಮಧ್ಯವರ್ತಿ ಕಾಗದದ ಮೇಲೆ ಹೊಡೆದುಹಾಕುವ ಪದ ಮಾತ್ರವೇ? 1985ರಲ್ಲಿ ಅಂಟಾರ್ಕ್ಟಿಕದ ಮೇಲೆ ಓಜೋನ್ ತೀವ್ರವಾಗಿ ಕುಸಿದಿರುವುದನ್ನು ಬ್ರಿಟಿಷ್ ವಿಜ್ಞಾನಿಗಳು ಪ್ರಕಟಿಸಿದಾಗ ಕಾರಣದ ಬಗ್ಗೆ ವಾದಗಳೆದ್ದವು. ಗಾಳಿಯ ಚಲನೆಯೇ ಕಾರಣ ಎಂದವರೂ ಇದ್ದರು. 1987ರಲ್ಲಿ ಅಮೆರಿಕದ ನಾಸಾ ಸಂಸ್ಥೆಯ ವಿಮಾನವೊಂದು ಚಿಲಿ ದೇಶದ ಪುಂಟಾ ಅರೆನಾಸ್‌ನಿಂದ ಹಾರಿ ಆ ರಂಧ್ರದೊಳಗೇ ನುಗ್ಗಿತು. ಅದರಲ್ಲಿದ್ದ ಉಪಕರಣಗಳು ಅಳೆದದ್ದು ಓಜೋನನ್ನು ಮತ್ತು ಈ ಮಧ್ಯವರ್ತಿಯನ್ನು. ಸೆಪ್ಟೆಂಬರ್ 16ರ ಹಾರಾಟದಲ್ಲಿ ಕ್ಲೋರಿನ್ ಮೊನಾಕ್ಸೈಡ್ ಏರಿದಲ್ಲೆಲ್ಲ ಓಜೋನ್ ಇಳಿದಿತ್ತು. ಗಾಳಿ ಮಾತ್ರ ಕಾರಣವಾಗಿದ್ದರೆ ಈ ಹೊಂದಾಣಿಕೆಗೆ ಅರ್ಥವೇ ಇರುತ್ತಿರಲಿಲ್ಲ. ಕಳ್ಳನನ್ನು ಹಿಡಿದುಕೊಟ್ಟದ್ದು ಅವನ ಹೆಜ್ಜೆಗುರುತು. (ಅಲ್ಲಿಯ ವಸಂತದಲ್ಲಿ ಆಕ್ಸಿಜನ್ ಪರಮಾಣುಗಳು ವಿರಳ, ಹಾಗಾಗಿ ಎರಡು ಮೊನಾಕ್ಸೈಡ್ ಅಣುಗಳೇ ಜೋಡಿಯಾಗಿ, ಬಿಸಿಲಿಗೆ ಒಡೆದು, ಕ್ಲೋರಿನನ್ನು ಮರಳಿ ಬಿಡುತ್ತವೆ. ಪಾತ್ರಗಳು ಬದಲಾಗುವುದಿಲ್ಲ.)

ಕಾಕತಾಳೀಯವೆಂಬಂತೆ ಅದೇ ದಿನ ಮಾಂಟ್ರಿಯಲ್‌ನಲ್ಲಿ ಈ ಅನಿಲಗಳನ್ನು ನಿಯಂತ್ರಿಸುವ ಒಪ್ಪಂದಕ್ಕೆ ಸಹಿ ಬಿತ್ತು. ಮೊಲಿನಾ, ರೋಲೆಂಡ್ ಮತ್ತು ಪಾಲ್ ಕ್ರುಟ್ಸೆನ್ ಅವರಿಗೆ 1995ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು.

ಕ್ರಿಯಾವರ್ಧಕ ಎಂದೆಂದಿಗೂ ಉಳಿಯುತ್ತದೆಯೇ ಎಂದು ನೀವು ಕೇಳಬಹುದು. ಇಲ್ಲ. ಕ್ಲೋರಿನ್ ಪರಮಾಣು ಎಂದಾದರೊಮ್ಮೆ ಮೀಥೇನ್ ಜೊತೆ ಸೇರಿ ಹೈಡ್ರೊಜನ್ ಕ್ಲೋರೈಡ್ ಆಗುತ್ತದೆ. ಅದು ಕ್ರಮೇಣ ಕೆಳಗಿಳಿದು ಮಳೆಯಲ್ಲಿ ತೊಳೆದುಹೋಗುತ್ತದೆ. ಆದರೆ ಹಿಂದೆ ಬಿಟ್ಟ ಅನಿಲಗಳು ಹಲವು ದಶಕ ಬಾಳುವಂಥವು, ಹೊಸ ಕ್ಲೋರಿನನ್ನು ಒದಗಿಸುತ್ತಲೇ ಇವೆ. ಅಂಟಾರ್ಕ್ಟಿಕದ ಓಜೋನ್ 1980ರ ಮಟ್ಟಕ್ಕೆ ಮರಳುವುದು ಸುಮಾರು 2066ಕ್ಕೆ ಎಂಬುದು 2022ರ ವೈಜ್ಞಾನಿಕ ಅಂದಾಜು.