ಡಿಸೆಂಬರಿನ ಉಪಚುನಾವಣೆಯೂ ವರ್ತಕರ ಕೈಚೀಲವೂ

ಉಪಚುನಾವಣೆ ಯಾವ ತಿಂಗಳಿನಲ್ಲಿ ನಡೆಯಬೇಕೆಂದು ಲಿಂಗರಾಜಪುರದಿಂದ ಶಿವಾಜಿನಗರದವರೆಗಿನ ವರ್ತಕ ಬಾಂಧವರನ್ನು ಕೇಳಿದರೆ, "ಡಿಸೆಂಬರ್ ಒಂದನ್ನು ಬಿಟ್ಟು" ಎನ್ನುವವರೇ ಹೆಚ್ಚು. ಕ್ರಿಸ್‌ಮಸ್ ವ್ಯಾಪಾರ, 15ರೊಳಗೆ ಮುಂಗಡ ತೆರಿಗೆಯ ಮೂರನೆಯ ಕಂತು, 31ರೊಳಗೆ ಜಿಎಸ್‌ಟಿ ವಾರ್ಷಿಕ ವಿವರಣೆ ಎಲ್ಲವೂ ಆ ಒಂದೇ ತಿಂಗಳಿನಲ್ಲಿ ಬಂದು ಬೀಳುತ್ತವೆ.

2019ರ ಡಿಸೆಂಬರ್ 5ರಂದು ಶಿವಾಜಿನಗರ ಮತ್ತು ಕೆ.ಆರ್. ಪುರ ಸೇರಿ 15 ವಿಧಾನಸಭಾ ಕ್ಷೇತ್ರಗಳಿಗೆ ಉಪಚುನಾವಣೆ ನಡೆಯಿತು. ಮೊದಲು ಗೊತ್ತಾಗಿದ್ದ ದಿನ ಅಕ್ಟೋಬರ್ 21. ನ್ಯಾಯಾಲಯದ ವ್ಯಾಜ್ಯದಿಂದಾಗಿ ಅದು ಮುಂದೆ ಹೋಯಿತು. ಲಿಂಗರಾಜಪುರದಲ್ಲಿ ಮತದಾನವಿರಲಿಲ್ಲ. ಆದರೆ ನಮ್ಮವರು ಸರಕು ತರುವುದು ಶಿವಾಜಿನಗರದಿಂದ, ಬಾಕಿ ವಸೂಲಿಗೆ ಹೋಗುವುದು ಕೆ.ಆರ್. ಪುರದ ಕಡೆಗೆ. ನೀತಿಸಂಹಿತೆಯಿರುವ ಕ್ಷೇತ್ರದಲ್ಲಿ 50,000 ರೂಪಾಯಿಗೆ ಮೀರಿದ ನಗದಿಗೆ ದಾಖಲೆ ತೋರಿಸಲೇಬೇಕು. ಬ್ಯಾಂಕಿನಿಂದ ಹಣ ತೆಗೆದ ಚೀಟಿ, ಮಾರಾಟದ ಬಿಲ್ಲಿನ ಪ್ರತಿ, ಆ ದಿನದವರೆಗೆ ಬರೆದ ನಗದು ಪುಸ್ತಕದ ಪುಟ, ಹಣ ಒಯ್ಯುವ ನೌಕರನಿಗೆ ಮಾಲೀಕರ ಪತ್ರ ಇವಿಷ್ಟಿದ್ದರೆ ಸಾಮಾನ್ಯವಾಗಿ ತೊಂದರೆಯಾಗದು. (ನಗದು ಪುಸ್ತಕವನ್ನು ವಾರಕ್ಕೊಮ್ಮೆ ಬರೆಯುವ ಕಕ್ಷಿದಾರರಿಗೆ ನಾನು ಹೇಳಿ ಹೇಳಿ ಸೋತಿದ್ದೇನೆ.) ಹಣ ಜಪ್ತಾದರೆ ಜಿಲ್ಲಾ ಕುಂದುಕೊರತೆ ಸಮಿತಿಗೆ ಮನವಿ ಸಲ್ಲಿಸಬೇಕು; ಮೊತ್ತ 10 ಲಕ್ಷ ಮೀರಿದರೆ ಆದಾಯ ತೆರಿಗೆ ಇಲಾಖೆಗೂ ಸುದ್ದಿ ಹೋಗುತ್ತದೆ.

ನೌಕರರ ರಜೆಯ ವಿಷಯವೂ ಇದೆ. ಅಂಗಡಿ ಬೇರೆ ಕ್ಷೇತ್ರದಲ್ಲಿದ್ದರೂ, ಮತದಾನ ನಡೆಯುವ ಕ್ಷೇತ್ರದ ಮತದಾರನಾದ ಕೆಲಸಗಾರನಿಗೆ ಅಂದು ವೇತನಸಹಿತ ರಜೆ ಸಲ್ಲುತ್ತದೆ.

ಇಷ್ಟು ತೊಂದರೆಯಿದ್ದರೂ ಡಿಸೆಂಬರ್ ಬೇಡವೆಂದು ಪಟ್ಟುಹಿಡಿಯುವುದು ನನಗೆ ಸರಿಕಾಣದು. 2018ರ ಅಕ್ಟೋಬರ್ ಮೊದಲ ವಾರ ಉಪಮೇಯರ್ ರಮೀಳಾ ಉಮಾಶಂಕರ್ ನಿಧನರಾಗಿ ಕಾವೇರಿಪುರ ವಾರ್ಡ್ ತೆರವಾಯಿತು. ಅದೇ ಚಳಿಗಾಲದಲ್ಲಿ ನಮ್ಮ ನೆರೆಯ ಸಗಾಯಪುರದ ಸದಸ್ಯ ಏಳುಮಲೈ ಅವರೂ ತೀರಿಕೊಂಡರು. ಉಪಮೇಯರ್ ಹುದ್ದೆಯನ್ನು ಪಾಲಿಕೆ ಡಿಸೆಂಬರ್ 5ರಂದೇ ತುಂಬಿತು. ವಾರ್ಡುಗಳ ಮತದಾರರು ಮಾತ್ರ ಲೋಕಸಭಾ ಚುನಾವಣೆ ಮುಗಿದು 2019ರ ಮೇ 29 ಬರುವವರೆಗೆ ಕಾಯಬೇಕಾಯಿತು. ಅಂಗಡಿ ಮುಂದಿನ ಚರಂಡಿ ಕಟ್ಟಿಕೊಂಡರೆ, ಬೀದಿದೀಪ ಕೆಟ್ಟರೆ ವರ್ತಕನು ಮೊದಲು ಹುಡುಕುವುದು ವಾರ್ಡಿನ ಸದಸ್ಯರನ್ನು. ನಗದು ತಪಾಸಣೆ ನಾಲ್ಕು ವಾರಗಳ ಕಿರಿಕಿರಿ. ತೆರವಾದ ಸ್ಥಾನ ತಿಂಗಳುಗಟ್ಟಲೆಯದು. ಹೊಸದಾಗಿ ಆಯ್ಕೆಯಾದವರಿಗೆ ದೊರೆತದ್ದಾದರೂ ಹದಿನೈದು ತಿಂಗಳು. 2020ರ ಸೆಪ್ಟೆಂಬರ್ 10ರಂದು ಪಾಲಿಕೆಯ ಅವಧಿಯೇ ಮುಗಿದು ಆಡಳಿತಾಧಿಕಾರಿ ಬಂದರು.