ಕೋಶದ ಪೊರೆಯಲ್ಲಿ ಕೊಲೆಸ್ಟರಾಲ್

ಕೊಲೆಸ್ಟರಾಲ್ ಎಂದೊಡನೆ ನಿಮಗೆ ನೆನಪಾಗುವುದು ರಕ್ತಪರೀಕ್ಷೆಯ ವರದಿ, ಕರಿದ ತಿಂಡಿ ಮತ್ತು ಹೃದಯಾಘಾತದ ಭಯ. ಆ ಭಯದಲ್ಲಿ ತಪ್ಪೇನಿಲ್ಲ. ಆದರೆ ನಿಮ್ಮ ದೇಹದ ಪ್ರತಿಯೊಂದು ಜೀವಕೋಶದ ಹೊರಪೊರೆಯಲ್ಲೂ ಇದೇ ವಸ್ತು ಇದೆ. ಪೊರೆ ತೀರಾ ಸಡಿಲವಾಗದಂತೆ, ತೀರಾ ಬಿಗಿಯಾಗದಂತೆ ಹದದಲ್ಲಿಡುವುದು ಅದರ ಕೆಲಸ. ಇದನ್ನು ಕೋಶ ತಾನೇ ತಯಾರಿಸಿಕೊಳ್ಳುತ್ತದೆ, ಸಾಲದಿದ್ದರೆ ರಕ್ತದಿಂದ ಎಳೆದುಕೊಳ್ಳುತ್ತದೆ. ಹೀಗೆ ಎಳೆದುಕೊಳ್ಳುವ ಬಗೆಯನ್ನು ಬಿಡಿಸಿ ತೋರಿಸಿದ ಮೈಕೇಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ರೋಗನಿರೋಧಕ ಶಕ್ತಿಗೂ ಇದಕ್ಕೂ ಏನು ಸಂಬಂಧ? ನಮ್ಮ ಬಿಳಿಯ ರಕ್ತಕಣಗಳಲ್ಲಿ ಟಿ-ಕೋಶ ಎಂಬ ಒಂದು ಬಗೆ ಇದೆ. ವೈರಸ್ ಹೊಕ್ಕ ಕೋಶವನ್ನಾಗಲೀ ಕ್ಯಾನ್ಸರ್ ಕೋಶವನ್ನಾಗಲೀ ಕೊಲ್ಲುವ ಮೊದಲು ಅದು ಮೈಗೆ ಮೈ ತಾಗಿಸಿ ಗುರುತು ಹಿಡಿಯಬೇಕು. ಗುರುತು ಹಿಡಿಯುವ ಗ್ರಾಹಕಗಳು ಅದರ ಪೊರೆಯಲ್ಲಿ ನೆಟ್ಟಿರುತ್ತವೆ. ಅವು ಚದುರಿದ್ದರೆ ಸಂಕೇತ ಕ್ಷೀಣ, ತಾಗಿದ ಜಾಗದಲ್ಲಿ ಗುಂಪುಗೂಡಿದರೆ ಪ್ರಬಲ. ಈ ಗುಂಪುಗೂಡುವಿಕೆಗೆ ಕೊಲೆಸ್ಟರಾಲ್ ಬೇಕು. ಅದು ದಟ್ಟವಾಗಿರುವ ಪುಟ್ಟ ಪುಟ್ಟ ತೆಪ್ಪಗಳು ಪೊರೆಯ ಮೇಲೆ ತೇಲುತ್ತವೆ ಎಂದು 1997ರಲ್ಲಿ ಕೈ ಸೈಮನ್ಸ್ ಮತ್ತು ಎಲೀನಾ ಇಕೋನೆನ್ ಸೂಚಿಸಿದರು. ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಕಾಣದಷ್ಟು ಸಣ್ಣವಾದ್ದರಿಂದ ತೆಪ್ಪಗಳ ಬಗ್ಗೆ ವಿಜ್ಞಾನಿಗಳು ಬಹುಕಾಲ ಜಗಳವಾಡಿದ್ದಾರೆ!

2016ರಲ್ಲಿ ಚೀನಾದ ವಿಜ್ಞಾನಿಗಳು ಒಂದು ಕುತೂಹಲದ ಪ್ರಯೋಗ ಪ್ರಕಟಿಸಿದರು. ಹೆಚ್ಚಾದ ಕೊಲೆಸ್ಟರಾಲನ್ನು ಕೋಶದೊಳಗೆ ದಾಸ್ತಾನು ಮಾಡಲು ನೆರವಾಗುವ ಕಿಣ್ವವೊಂದನ್ನು ಅವರು ಇಲಿಗಳ ಟಿ-ಕೋಶಗಳಲ್ಲಿ ತಡೆದರು. ದಾಸ್ತಾನಿಗೆ ಹೋಗಬೇಕಾದದ್ದು ಪೊರೆಯಲ್ಲೇ ಉಳಿಯಿತು. ಗ್ರಾಹಕಗಳು ಚೆನ್ನಾಗಿ ಗುಂಪುಗೂಡಿದವು. ಕ್ಯಾನ್ಸರ್ ಗೆಡ್ಡೆಗಳನ್ನು ಆ ಟಿ-ಕೋಶಗಳು ಹೆಚ್ಚು ಸಮರ್ಥವಾಗಿ ಎದುರಿಸಿದವು. ಇದಕ್ಕೆ ಬಳಸಿದ ಅವಾಸಿಮೈಬ್ ಎಂಬ ಔಷಧ ಹಿಂದೆ ರಕ್ತನಾಳಗಳ ರೋಗಕ್ಕೆಂದು ತಯಾರಾದದ್ದು.

ಹಾಗಾದರೆ ತುಪ್ಪ, ಬೆಣ್ಣೆ ಧಾರಾಳವಾಗಿ ತಿಂದರೆ ಶಕ್ತಿ ಹೆಚ್ಚುತ್ತದೆಯೇ ಎಂದು ನೀವು ಕೇಳಬಹುದು. ಇಲ್ಲ. ಆ ಪ್ರಯೋಗದಲ್ಲಿ ಬದಲಾದದ್ದು ಇಲಿಯ ಊಟವಲ್ಲ, ಕೋಶದೊಳಗಿನ ಹಂಚಿಕೆ. ಕೊಲೆಸ್ಟರಾಲ್ ಇಳಿಸಲು ವೈದ್ಯರು ಕೊಟ್ಟ ಮಾತ್ರೆಯನ್ನು ಈ ಲೇಖನ ಓದಿ ನಿಲ್ಲಿಸಬೇಡಿ.

ಹೆಚ್ಚಿದ್ದಷ್ಟೂ ಒಳ್ಳೆಯದೆಂದೂ ಇಲ್ಲ. 2019ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಕಂಡದ್ದು ಬೇರೆಯೇ. ಗೆಡ್ಡೆಯೊಳಗೆ ಹೊಕ್ಕ ಟಿ-ಕೋಶಗಳಲ್ಲಿ ಕೊಲೆಸ್ಟರಾಲ್ ಮಿತಿಮೀರಿ ತುಂಬಿಕೊಂಡಾಗ ಅವು ಬಳಲಿ ಕೆಲಸ ಬಿಟ್ಟವು. ಅದನ್ನು ತಗ್ಗಿಸಿದಾಗ ಮತ್ತೆ ಕ್ಯಾನ್ಸರ್ ಕೋಶಗಳನ್ನು ಕೊಲ್ಲತೊಡಗಿದವು.