ಹಳೆಯ ಅಂಕಿತ, ಹೊಸ ಹಾಡು

ಸ್ವೀಡನ್ನಿನ ಪಾಪ್ ತಂಡ ಆಬಾ 1981ರಲ್ಲಿ ಒಂದು ಆಲ್ಬಂ ಹೊರತಂದು ಸುಮ್ಮನಾಯಿತು. ಮುಂದಿನ ಆಲ್ಬಂ ‘ವಾಯೇಜ್’ ಬಂದದ್ದು 2021ರಲ್ಲಿ, ನಲವತ್ತು ವರ್ಷ ಕಳೆದ ಮೇಲೆ. ಹೀಗೆ ಮರಳಿ ಬರುವವರ ಮುಂದೆ ಕೇಳುಗರು ಎರಡು ಬೇಡಿಕೆ ಇಡುತ್ತಾರೆ: ದನಿ ಹಳೆಯದೇ ಆಗಿರಬೇಕು, ಹಾಡು ಹೊಸದಾಗಿರಬೇಕು. ದನಿ ಬದಲಾದರೆ ‘ಇವರು ಅವರಲ್ಲ’ ಎನ್ನುತ್ತಾರೆ. ಹಾಡು ಬದಲಾಗದಿದ್ದರೆ ‘ಇದನ್ನು ಆಗಲೇ ಕೇಳಿದ್ದೇವೆ’ ಎನ್ನುತ್ತಾರೆ. ಈ ಎರಡನ್ನೂ ಒಟ್ಟಿಗೆ ಸಾಧಿಸಿದ ಮರುಪ್ರವೇಶವೊಂದು ನಮ್ಮ ರಾಯಚೂರು ಸೀಮೆಯಲ್ಲೇ ನಡೆದಿದೆ. ಹದಿನೆಂಟನೆಯ ಶತಮಾನದಲ್ಲಿ ಮಾನ್ವಿ, ದೇವದುರ್ಗದ ಹಳ್ಳಿಗಳಿಂದ ಎದ್ದುಬಂದ ಹರಿದಾಸರ ಎರಡನೆಯ ಪೀಳಿಗೆಯೇ ಅದು. ಅವರು ಉಳಿದದ್ದು ಪುರಂದರದಾಸರ ನೆರಳಿನಲ್ಲಿ ನಿಂತದ್ದರಿಂದಲ್ಲ, ಆ ಹೆಸರನ್ನು ಹೊತ್ತುಕೊಂಡೇ ಬೇರೆ ಕೆಲಸ ಮಾಡಿದ್ದರಿಂದ.

ಮೊದಲ ಪೀಳಿಗೆಗೆ ವಿಜಯನಗರದ ಆಸರೆ ಇತ್ತು. ವ್ಯಾಸರಾಯರಿಗೆ ಅರಮನೆಯ ಮನ್ನಣೆ ಇತ್ತು. ಅವರ ಶಿಷ್ಯ ಪುರಂದರದಾಸರು ಹಂಪಿಯಲ್ಲಿದ್ದುಕೊಂಡು ಹಾಡಿದರು. 1564ರಲ್ಲಿ ಪುರಂದರದಾಸರು ತೀರಿಕೊಂಡರು, ಮರುವರ್ಷವೇ ರಕ್ಕಸತಂಗಡಿಯಲ್ಲಿ ಸಾಮ್ರಾಜ್ಯ ಮುರಿದುಬಿತ್ತು. ಆಮೇಲಿನ ನೂರು ವರ್ಷದಲ್ಲಿ ದಾಸರ ಹಾಡಿನ ಹೊಳೆ ಸಣ್ಣಗೆ ಹರಿಯಿತು. 1682ರಲ್ಲಿ ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯಲ್ಲಿ ಹುಟ್ಟಿದ ದಾಸಪ್ಪನಿಗೆ ಅರಮನೆಯೂ ಇರಲಿಲ್ಲ, ಮನೆಯಲ್ಲಿ ಅನುಕೂಲವೂ ಇರಲಿಲ್ಲ. ಸೀಮೆ ಮೊಗಲರ ಕೈಗೆ ಹೋಗಿ, ಬಳಿಕ ನಿಜಾಮರ ಆಳ್ವಿಕೆಗೆ ಸೇರಿತು. ದಾಸಪ್ಪ ಕಾಶಿಯಲ್ಲಿದ್ದಾಗ ಪುರಂದರದಾಸರೇ ಕನಸಿನಲ್ಲಿ ಬಂದು ‘ವಿಜಯವಿಠಲ’ ಎಂಬ ಅಂಕಿತ ಕೊಟ್ಟರೆಂದು, ಹೀಗೆ ಅವರು ವಿಜಯದಾಸರಾದರೆಂದು ಸಂಪ್ರದಾಯ ಹೇಳುತ್ತದೆ. ಕನಸನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಆ ಕಥೆ ಏನು ಹೇಳಬಯಸುತ್ತದೆ ಎಂಬುದಂತೂ ಸ್ಪಷ್ಟ: ಇದು ಹೊಸ ಪಂಥವಲ್ಲ, ನಿಂತುಹೋದ ಹಾಡಿನ ಮುಂದುವರಿಕೆ.

ಮುಂದುವರಿಕೆ ಎಂದರೆ ನಕಲು ಅಲ್ಲ. ಪುರಂದರದಾಸರ ಹೆಸರು ಬಿಡಿಪದಗಳಿಗೆ ದೊಡ್ಡದಾದರೆ, ವಿಜಯದಾಸರ ಹೆಸರು ನಿಂತದ್ದು ಸುಳಾದಿಗಳ ಮೇಲೆ. ಸುಳಾದಿಯಲ್ಲಿ ಒಂದೊಂದು ನುಡಿಗೆ ಒಂದೊಂದು ತಾಳ. ಒಂದೇ ವಿಚಾರವನ್ನು ನಿಧಾನವಾಗಿ ಬಿಚ್ಚುತ್ತ ಹೋಗಲು ಅಲ್ಲಿ ಜಾಗವಿದೆ. ಅವರ ಶಿಷ್ಯ, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಭಾಗಣ್ಣ, ‘ಗೋಪಾಲವಿಠಲ’ ಅಂಕಿತದ ಗೋಪಾಲದಾಸರಾದರು. ‘ಭಕ್ತಿಯಲ್ಲಿ ಭಾಗಣ್ಣ’ ಎಂಬ ಮಾತು ಈಗಲೂ ಬಳಕೆಯಲ್ಲಿದೆ. ಮಾನ್ವಿ ತಾಲ್ಲೂಕಿನ ಬ್ಯಾಗವಟ್ಟಿಯಲ್ಲಿ 1728ರಲ್ಲಿ ಹುಟ್ಟಿದ ಶ್ರೀನಿವಾಸಾಚಾರ್ಯರು ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಹಾಡುವ ದಾಸರನ್ನು ಮೊದಮೊದಲು ಅವರು ಹಗುರವಾಗಿ ಕಂಡರಂತೆ. ಆಮೇಲೆ ಗೋಪಾಲದಾಸರ ಅನುಗ್ರಹ ಪಡೆದು ತಾವೇ ಜಗನ್ನಾಥದಾಸರಾದರು. ದ್ವೈತ ಸಿದ್ಧಾಂತದ ಇಡೀ ತಿರುಳನ್ನು ಅವರು ಭಾಮಿನಿ ಷಟ್ಪದಿಯ ‘ಹರಿಕಥಾಮೃತಸಾರ’ದಲ್ಲಿ ಕನ್ನಡಕ್ಕೆ ತಂದರು. ಮಠದ ಪಾಠದಲ್ಲಷ್ಟೇ ಇದ್ದ ಶಾಸ್ತ್ರ ಮನೆಯ ಪಾರಾಯಣಕ್ಕೆ ಬಂದದ್ದು ಹೀಗೆ. ಹಳೆಯದೆಂದು ಉಳಿದದ್ದು ‘ವಿಠಲ’ ಎಂಬ ಅಂಕಿತದ ಕೊನೆ. ಅದರ ಹಿಂದಿನ ಸಾಮಗ್ರಿ ಹೊಸದು.

ಇದಕ್ಕೆ ಆಕ್ಷೇಪಗಳಿವೆ. ನಡುವೆ ಮೌನವೇ ಇರಲಿಲ್ಲ, ಕಾಖಂಡಕಿಯ ಮಹಿಪತಿದಾಸರು ಹದಿನೇಳನೆಯ ಶತಮಾನದಲ್ಲೇ ಹಾಡಿದ್ದರಲ್ಲ, ಮತ್ತೆ ಮರುಪ್ರವೇಶ ಎಲ್ಲಿಂದ ಬಂತು ಎನ್ನಬಹುದು. ನಿಜ, ಹಾಡು ಪೂರ್ತಿ ನಿಂತಿರಲಿಲ್ಲ. ಆದರೆ ಗುರುವಿನಿಂದ ಶಿಷ್ಯನಿಗೆ ಅಂಕಿತ ಸಾಗುತ್ತ, ಲಿಂಗಸುಗೂರಿನ ಪ್ರಾಣೇಶದಾಸರವರೆಗೆ ಬಳಗವೊಂದು ಬೆಳೆದದ್ದು ವಿಜಯದಾಸರ ನಂತರವೇ. ಒಬ್ಬೊಬ್ಬರೇ ಹಾಡುವುದಕ್ಕೂ ತಂಡ ಕಟ್ಟುವುದಕ್ಕೂ ವ್ಯತ್ಯಾಸವಿದೆ. ಭಕ್ತಿಯನ್ನು ಪಾಪ್ ಆಲ್ಬಮ್ಮಿನ ಪಕ್ಕ ಇಡುವುದು ಸರಿಯೇ ಎಂಬುದು ಇನ್ನೊಂದು ಪ್ರಶ್ನೆ. ದಾಸರು ಹಣಕ್ಕೆ ಹಾಡಿದವರಲ್ಲ, ಉದ್ದೇಶ ಬೇರೆ. ಆದರೆ ಜನರ ನಾಲಿಗೆಯ ಮೇಲೆ ಹಾಡು ನಿಲ್ಲಬೇಕೆಂಬ ಹಂಬಲ ಇಬ್ಬರಿಗೂ ಉಂಟು. ಮೂರನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಎರಡನೆಯ ಪೀಳಿಗೆಯ ಹಾಡು ಶಾಸ್ತ್ರದಿಂದ ಭಾರವಾಯಿತು, ಪುರಂದರ ಕನಕರಂತೆ ಎಲ್ಲರ ಮನೆ ಮುಟ್ಟಲಿಲ್ಲ. ಹರಿಕಥಾಮೃತಸಾರದ ಮಟ್ಟಿಗೆ ಇದನ್ನು ಒಪ್ಪಬೇಕು. ಅದು ಮಾಧ್ವ ಮನೆಗಳ ಆಚೆಗೆ ಹೆಚ್ಚು ಹೋಗಲಿಲ್ಲ. ಆದರೆ ಅದೇ ಜಗನ್ನಾಥದಾಸರು ‘ತತ್ತ್ವಸುವ್ವಾಲಿ’ಗೆ ಆರಿಸಿಕೊಂಡದ್ದು, ಹೆಂಗಸರು ಕುಟ್ಟುವಾಗ ಬೀಸುವಾಗ ಹಾಡುತ್ತಿದ್ದ ತ್ರಿಪದಿಯನ್ನು. ಪಂಡಿತನಿಗೆ ಷಟ್ಪದಿ, ಬೀಸುವವಳಿಗೆ ತ್ರಿಪದಿ ಎಂದು ಕೇಳುಗರನ್ನು ಅರಿತು ಬರೆದ ಕವಿಯನ್ನು ಬರೀ ಶಾಸ್ತ್ರಿ ಎನ್ನಲಾಗದು.

ಜಗನ್ನಾಥದಾಸರು 1809ರಲ್ಲಿ ಮಾನ್ವಿಯಲ್ಲಿ ತೀರಿಕೊಂಡರು. ಅವರು ನೆಲೆಸಿದ್ದಾರೆಂದು ನಂಬುವ ಕಂಬಕ್ಕೆ ಅಲ್ಲಿ ಇಂದಿಗೂ ಪೂಜೆ ನಡೆಯುತ್ತದೆ. ಚದುರಿಹೋಗಿದ್ದ ಈ ದಾಸರ ಹಾಡುಗಳನ್ನು ಇಪ್ಪತ್ತನೆಯ ಶತಮಾನದಲ್ಲಿ ಹುಡುಕಿ ಅಚ್ಚು ಹಾಕಿಸಿದವರು ಲಿಂಗಸುಗೂರಿನ ಗೋರಬಾಳ ಹನುಮಂತರಾಯರು. ಕ್ಯಾಸೆಟ್ಟಿನ ಕಾಲದಲ್ಲಿ ರಾಯಚೂರು ಶೇಷಗಿರಿದಾಸರಂಥ ಗಾಯಕರು ದಾಸರ ಪದಗಳನ್ನು ಮನೆಮನೆಗೆ ಮುಟ್ಟಿಸಿದರು. ಇಷ್ಟಾದರೂ ದಾಸರ ಪದಗಳ ಆಲ್ಬಂ ಎಂದರೆ ಪುರಂದರದಾಸರ ಆರೆಂಟು ಹಾಡುಗಳೇ ಮತ್ತೆ ಮತ್ತೆ ಬರುವುದು ವಾಡಿಕೆ. ಹೊಸ ಆಲ್ಬಂ ಮಾಡಲು ಹೊರಟ ಯುವ ತಂಡಗಳು ವಿಜಯದಾಸರ ಒಂದು ಸುಳಾದಿಯನ್ನು, ತತ್ತ್ವಸುವ್ವಾಲಿಯ ಹತ್ತು ತ್ರಿಪದಿಗಳನ್ನು ಕೈಗೆತ್ತಿಕೊಳ್ಳಲಿ. ತಾಳ ಬದಲಿಸುವುದನ್ನು, ಹಳ್ಳಿಯ ಧಾಟಿ ಹಿಡಿಯುವುದನ್ನು ದಾಸರೇ ಮಾಡಿ ತೋರಿಸಿದ್ದಾರೆ. ಅದಕ್ಕೆ ಬೇರೆ ಯಾರ ಅಪ್ಪಣೆಯೂ ಬೇಕಿಲ್ಲ.